ರೈತವಾರು ವರದಿ: ಟೆಂಪ್ಲೇಟ್ ಒಳಗೆ ಕ್ವೆರಿಯೋ, ಒಂದೇ ಜಾಯಿನ್ನೋ?

ಕಲಬುರಗಿಯ ಒಂದು ಅಡತಿ ಅಂಗಡಿಗೆ ತೊಗರಿ ವರದಿ ಮಾಡಬೇಕು ಅಂದ್ಕೊಳ್ಳಿ. ಮೇಲೆ ರೈತರ ಹೆಸರು, ಊರು. ಕೆಳಗೆ ಅವರು ತಂದ ಚೀಲಗಳ ತೂಕ.

ಟೆಂಪ್ಲೇಟ್ (ವರದಿಯ ವಿನ್ಯಾಸದ ಕಡತ) ಒಳಗೇ ಕ್ವೆರಿ (ಡೇಟಾಬೇಸ್‌ಗೆ ಮಾಹಿತಿ ಕೇಳುವ ಆದೇಶ) ಇಟ್ಟರೆ, ಅದು ಒಬ್ಬೊಬ್ಬ ರೈತರ ಐಡಿ ಹಿಡಿದು ಮತ್ತೆ ಮತ್ತೆ ಡೇಟಾಬೇಸ್‌ಗೆ ಹೋಗುತ್ತದೆ. ಬರೆಯೋದು ಸುಲಭ. ಆದರೆ 500 ರೈತರಿಗೆ 501 ಕ್ವೆರಿ, ರೈತರ ಪಟ್ಟಿಗೆ ಒಂದು, ಒಬ್ಬೊಬ್ಬರಿಗೆ ಒಂದೊಂದು! ಸುಗ್ಗಿಯಲ್ಲಿ, ಎದುರಿಗೆ ಜನ ಕಾಯುತ್ತಿರುವಾಗ, ಇದು ಬಹಳ ಕಾಡುತ್ತದೆ.

ಜಾಯಿನ್‌ನಲ್ಲಿ, ಅಂದರೆ ರೈತರ ಪಟ್ಟಿ ಮತ್ತು ತೂಕದ ಪಟ್ಟಿಯನ್ನು ಐಡಿ ಹಿಡಿದು ಜೋಡಿಸುವ ಕ್ವೆರಿಯಲ್ಲಿ, ಎಲ್ಲವೂ ಒಂದೇ ಸಲ ಬರುತ್ತದೆ. ಟೆಂಪ್ಲೇಟ್‌ನಲ್ಲಿ ಐಡಿ ಮೇಲೆ ಗುಂಪು ಮಾಡಿದರೆ ಸಾಕು. ಹೆಸರಿನ ಮೇಲೆ ಬೇಡ, ಆಳಂದದ ಕಡೆ ಒಂದೇ ಊರಲ್ಲಿ ಇಬ್ಬರು ಶರಣಪ್ಪ ಇರಬಹುದು ಅಲ್ವಾ? ಚೀಲ ತರದವರೂ ಕಾಣಬೇಕಾದರೆ ಲೆಫ್ಟ್ ಜಾಯಿನ್ ಹಾಕಿ.

ಆದರೆ ಅದೇ ಜಾಯಿನ್‌ಗೆ ರೈತರ ಮುಂಗಡದ ಹಣದ ಪಟ್ಟಿಯನ್ನೂ ಸೇರಿಸಿದರೆ ಲೆಕ್ಕ ಕೆಡುತ್ತದೆ. ಒಬ್ಬ ರೈತರಿಗೆ 3 ತೂಕ, 2 ಮುಂಗಡ ಇದ್ದರೆ, ಪ್ರತಿ ತೂಕವೂ ಪ್ರತಿ ಮುಂಗಡದ ಜೊತೆ ಸೇರಿ 6 ಸಾಲು ಬರುತ್ತವೆ. 8 ಕ್ವಿಂಟಲ್ ತೊಗರಿ 16 ಎಂದು ಅಚ್ಚಾಗುತ್ತದೆ, ಮುಂಗಡದ ಮೊತ್ತ 3 ಪಟ್ಟು. ಇದು ರೈತರ ದುಡ್ಡು, ಹೀಗಾಗಲೇಬಾರದು.

ಒಬ್ಬರದೇ ಪಟ್ಟಿ ತೆಗೆಯುವಾಗ ನಾನು ಒಳಗಿನ ಕ್ವೆರಿಯನ್ನೇ ಆರಿಸುತ್ತೇನೆ, ಐಡಿ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ. ಇಡೀ ಸುಗ್ಗಿಯದು ಬೇಕಾದರೆ ತೂಕಕ್ಕೊಂದು, ಮುಂಗಡಕ್ಕೊಂದು ಕ್ವೆರಿಯಲ್ಲಿ ಮೊದಲೇ ಕೂಡಿಸಿ, ಆಮೇಲೆ ಜೋಡಿಸುತ್ತೇನೆ.