ಆರು ಮುಖದ ಕಾರ್ಡ್ ಡಬ್ಬಿಯಲ್ಲಿ ಮುನಿಸಿಗೆ ಜಾಗವಿಲ್ಲ

ತಂಗಿ ಮಗಳಿಗೆ ಅಂತ ಗಾಂಧಿ ಬಜಾರಿನ ಒಂದು ಆಟಿಕೆ ಅಂಗಡಿಯಲ್ಲಿ ಭಾವನೆಗಳ ಮುಖ ಇರುವ ಈ ಕಾರ್ಡ್ ಡಬ್ಬಿ ಕೊಂಡೆ. 350 ರೂಪಾಯಿ. ಖುಷಿ, ಬೇಸರ, ಕೋಪ, ಭಯ, ಅಚ್ಚರಿ, ಅಸಹ್ಯ: ಒಂದೊಂದಕ್ಕೆ ನಾಲ್ಕರಂತೆ 24 ಕಾರ್ಡು. ರಟ್ಟು ದಪ್ಪಗಿದೆ, ಮೂಲೆ ಚುಚ್ಚುವುದಿಲ್ಲ. ಮಾವಿನಹಣ್ಣಿನ ಕೈಯಲ್ಲಿ ಮುಟ್ಟಿದ್ದಳು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಹೋಯಿತು. ಎರಡು ಜಡೆಯ ಹುಡುಗಿಯ ಚಿತ್ರಗಳು ತುಂಬಾ ಮುದ್ದಾಗಿವೆ.

ತೊಡಕು ಬಂದದ್ದು ಕಣ್ಣೀರು ಸುರಿಸುವ ಮುಖದಲ್ಲಿ. ಅದರ ಕೆಳಗೆ 'ಬೇಸರ' ಅಂತ ಅಚ್ಚಾಗಿದೆ. "ಬೇಸರ ಆದ್ರೆ ಅಳಲ್ಲ ದೊಡ್ಡಮ್ಮ, ಕಿಟಕಿ ಹತ್ರ ಸುಮ್ನೆ ಕೂತ್ಕೋತೀವಿ" ಅಂದಳು. ಐದು ವರ್ಷದ ಮಗು ಹೇಳಿದ್ದು ಸರಿ ಅಲ್ವಾ? ಮಳೆ ಬಿಡದಿದ್ದರೂ ಬೇಸರ, ಮದುವೆಗೆ ಕರೆಯದಿದ್ದರೂ ಬೇಸರ, ಯಾರಾದರೂ ತೀರಿಕೊಂಡರೂ ಬೇಸರ. ಇಲ್ಲಿ 'ದುಃಖ' ಅಂತ ಹಾಕಬೇಕಿತ್ತು.

ಡಬ್ಬಿಯ ಹಿಂದೆ ಇವು 'ಎಲ್ಲ ಮನುಷ್ಯರ 6 ಮೂಲ ಭಾವನೆಗಳು' ಅಂತ ಬರೆದಿದೆ. ಅದು ಇನ್ನೂ ತೀರ್ಮಾನವಾಗದ ವಿಷಯ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್, ಹೊರಜಗತ್ತಿನ ಸಂಪರ್ಕ ಕಡಿಮೆ ಇದ್ದ ಪಪುವಾ ನ್ಯೂಗಿನಿಯ ಫೋರೆ ಜನರಿಗೆ ಪುಟ್ಟ ಕಥೆ ಹೇಳಿ, ಅದಕ್ಕೆ ಹೊಂದುವ ಮುಖದ ಫೋಟೋ ಆರಿಸಲು ಹೇಳಿದರು. ಹೆಚ್ಚಿನವು ಹೊಂದಿದವು. ಹಾಗಾಗಿ ಇವು ಹುಟ್ಟಿನಿಂದಲೇ ಬಂದವು ಅನ್ನುವ ವಾದ ಗಟ್ಟಿಯಾಯಿತು. ಆದರೆ ಭಯ ಯಾವುದು, ಅಚ್ಚರಿ ಯಾವುದು ಅಂತ ಬೇರೆ ಮಾಡುವುದು ಅವರಿಗೂ ಕಷ್ಟವಾಗಿತ್ತು. ನಮ್ಮ ಹುಡುಗಿಯೂ ಆ ಎಂಟು ಕಾರ್ಡನ್ನು ಒಂದೇ ಕಡೆ ಪೇರಿಸಿದಳು!

ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಅವರ ವಾದ ಬೇರೆ. ಮೈಯಲ್ಲಾಗುವ ತಳಮಳ, ಹಿಂದಿನ ಅನುಭವ, ಕಲಿತ ಮಾತು, ಇವೆಲ್ಲ ಸೇರಿಸಿ ಮಿದುಳು ಭಾವನೆಯನ್ನು ಕಟ್ಟುತ್ತದೆ ಅನ್ನುತ್ತಾರೆ. ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮೀಬಿಯಾದ ಹಿಂಬಾ ಜನರಿಗೆ ಹೆಸರು ಹೇಳಿಕೊಡದೆ ಮುಖಗಳನ್ನು ಗುಂಪು ಮಾಡಲು ಬಿಟ್ಟರು. ಆ ಗುಂಪುಗಳು ಅಮೆರಿಕದವರು ಮಾಡಿದ ಗುಂಪುಗಳಿಗೆ ಹೊಂದಲಿಲ್ಲ. ನಮ್ಮ ನಾಟ್ಯಶಾಸ್ತ್ರದ ಎಂಟು ಸ್ಥಾಯಿಭಾವಗಳಲ್ಲಿ, ಅಂದರೆ ರಸಕ್ಕೆ ಮೂಲವಾದ ಭಾವಗಳಲ್ಲಿ, ಈ ಆರೂ ಹೆಚ್ಚುಕಡಿಮೆ ಸಿಗುತ್ತವೆ. ಜೊತೆಗೆ ರತಿ (ಪ್ರೇಮ), ಉತ್ಸಾಹವೂ ಇವೆ.

ನನಗೆ ಎರಡೂ ಕಡೆ ನಿಜ ಕಾಣುತ್ತದೆ. ಗುಡುಗಿಗೆ ಬೆಚ್ಚಿಬೀಳುವುದನ್ನು ಮಗುವಿಗೆ ಯಾರೂ ಕಲಿಸಲಿಲ್ಲ. ಮುನಿಸು ಹಾಗಲ್ಲ. ಮೊನ್ನೆ ಮೊಬೈಲ್ ಕೊಡಲಿಲ್ಲ ಅಂತ ಬಾಗಿಲ ಹಿಂದೆ ಹೋಗಿ ಗೋಡೆ ಕಡೆ ತಿರುಗಿ ನಿಂತಳು. ಒಂದು ಕಣ್ಣು ಮಾತ್ರ ನನ್ನ ಮೇಲೇ. ಕೋಪದ ಕಾರ್ಡು ತೋರಿಸಿದೆ, ತಲೆ ಅಲ್ಲಾಡಿಸಿದಳು. "ಕೋಪ ಬಂದ್ರೆ ಹೊಡೀತೀನಿ. ಇದಕ್ಕೆ ನೀನು ಬಂದು ಕರೀಬೇಕು."

ಡಬ್ಬಿ ಕೊಳ್ಳಿ, ದುಡ್ಡಿಗೆ ಮೋಸ ಇಲ್ಲ. ಆದರೆ ಸರಿ-ತಪ್ಪು ಪರೀಕ್ಷೆ ಮಾಡಬೇಡಿ. ಹೆಸರನ್ನು ಬೆರಳಿಂದ ಮುಚ್ಚಿ, "ಇವಳಿಗೆ ಏನಾಯ್ತು?" ಅಂತ ಕೇಳಿ. ನಾವು ಹಳೇ ಆಮಂತ್ರಣ ಪತ್ರಿಕೆ ಕತ್ತರಿಸಿ 25ನೇ ಕಾರ್ಡು ಮಾಡಿದ್ದೇವೆ. ಅದರಲ್ಲಿ ಮುಖ ಇಲ್ಲ, ಬೆನ್ನು ಮತ್ತು ಎರಡು ಜಡೆ ಇವೆ.