ಕರಡು ನಂಬಿ ಕೋಳಿಗೂಡು ಕಟ್ಟಿಸಬೇಡಿ

ಕಟ್ಟಡ ನಿಯಮಗಳನ್ನೂ ಮನೆಯಂಗಳದಲ್ಲಿ ಪ್ರಾಣಿ ಸಾಕುವ ನಿಯಮಗಳನ್ನೂ ಸ್ಥಳೀಯ ಆಡಳಿತ ಒಟ್ಟಿಗೇ ತಿದ್ದಲು ಹೊರಟಾಗ ಹಿತ್ತಲಲ್ಲಿ ಗೂಡು ಕಟ್ಟಿಸುವವರ ಸಾಲೇ ಶುರುವಾಗುತ್ತದೆ. 'ಇನ್ನು ಮುಂದೆ ಆರು ಕೋಳಿಗೆ ಅವಕಾಶವಂತೆ' ಎಂಬ ಮಾತು ಹಬ್ಬುತ್ತದೆ, ಬಡಗಿ ಬರುತ್ತಾನೆ, ಮರಿಗಳೂ ಬಂದುಬಿಡುತ್ತವೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತೆರವಿನ ನೋಟಿಸು. ಈ ನಷ್ಟಕ್ಕೆ ಸಿಕ್ಕಿಬೀಳುವವರಲ್ಲಿ ನಿಯಮ ಓದದವರಿಗಿಂತ ಅರ್ಧ ಓದಿದವರೇ ಹೆಚ್ಚು.

ಕಾರಣ ಸರಳ. ಗೂಡು ಎನ್ನುವುದು ಎರಡು ಕಡತಗಳಿಗೆ ಸೇರಿದ ವಸ್ತು. ಗೋಡೆ, ಚಾವಣಿ, ವೈರಿಂಗ್, ಗಡಿಯಿಂದ ಬಿಡಬೇಕಾದ ಸೆಟ್‌ಬ್ಯಾಕ್ ಇವೆಲ್ಲ ಕಟ್ಟಡ ಮತ್ತು ಯೋಜನಾ ವಿಭಾಗದ್ದು. ಒಳಗಿರುವ ಕೋಳಿ, ಅದರ ಹಿಕ್ಕೆ, ಸದ್ದು, ನೊಣ ಆರೋಗ್ಯ ವಿಭಾಗದ್ದೋ ಪಶು ವಿಭಾಗದ್ದೋ. ಒಂದು ಮೇಜಿನ ಒಪ್ಪಿಗೆ ಇನ್ನೊಂದು ಮೇಜಿಗೆ ಲೆಕ್ಕಕ್ಕಿಲ್ಲ. 'ಇಷ್ಟು ಚಿಕ್ಕ ಷೆಡ್ಡಿಗೆ ಪರವಾನಗಿ ಬೇಡ' ಎಂದು ಕಟ್ಟಡ ವಿಭಾಗದವರು ಹೇಳುವುದು ನಿಜವೇ ಇರುತ್ತದೆ. ಅನೇಕ ನಿಯಮಾವಳಿಗಳಲ್ಲಿ ನಿರ್ದಿಷ್ಟ ವಿಸ್ತೀರ್ಣಕ್ಕಿಂತ ಚಿಕ್ಕದಾದ ಒಂದಂತಸ್ತಿನ ಷೆಡ್ಡಿಗೆ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಪರವಾನಗಿಗೆ ಮಾತ್ರ, ಸೆಟ್‌ಬ್ಯಾಕಿಗೆ ಅಲ್ಲ. ಅದೇ ಷೆಡ್ಡಿಗೆ ಒಂದು ಬಲ್ಬಿನ ತಂತಿ ಎಳೆದರೆ ವಿದ್ಯುತ್ ಕೆಲಸಕ್ಕೆ ಬೇರೆ ಅನುಮತಿ ಬೇಕಾಗಬಹುದು. ಒಳಗೆ ಪ್ರಾಣಿ ಬಂತೆಂದರೆ ಬೇರೆಯೇ ದೂರಗಳು ಅನ್ವಯವಾಗುತ್ತವೆ.

ಮೊದಲು ದಾಖಲೆಯ ವಿಷಯ. ಕರಡು, ತಿದ್ದುಪಡಿಯಾದ ಕರಡು, ಅಂಗೀಕಾರವಾದ ಪಠ್ಯ, ಪ್ರಕಟವಾದ ಅಧಿಸೂಚನೆ ಈ ನಾಲ್ಕೂ ಬೇರೆ ಬೇರೆ. ಆಕ್ಷೇಪಣೆಗಳ ಸುತ್ತಿನಲ್ಲಿ ಹೆಚ್ಚು ಬದಲಾಗುವುದು ಸಂಖ್ಯೆಗಳೇ: ಎಷ್ಟು ಪ್ರಾಣಿ, ಎಷ್ಟು ಮೀಟರ್. ಮಾದರಿ ಸಂಹಿತೆಯನ್ನೇ ನಿಯಮವೆಂದು ತಿಳಿದು ಕೆಡುವವರೂ ಇದ್ದಾರೆ. ಭಾರತೀಯ ಮಾನಕ ಬ್ಯೂರೋದ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಬಂದು, ಮುಂದೆ 2016ರಲ್ಲೂ ಪರಿಷ್ಕಾರಗೊಂಡಿತು. ಅಮೆರಿಕದ ಊರುಗಳು ಆಧಾರವಾಗಿ ಇಟ್ಟುಕೊಳ್ಳುವ ಅಂತರರಾಷ್ಟ್ರೀಯ ಸಂಹಿತೆಗಳಿಗೆ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಇವು ತಾವಾಗಿ ಕಾನೂನಾಗುವುದಿಲ್ಲ. ಸ್ಥಳೀಯ ಸಂಸ್ಥೆ ಅಥವಾ ಸರ್ಕಾರ ತನ್ನ ನಿಯಮಾವಳಿಯಲ್ಲಿ ಅಳವಡಿಸಿಕೊಂಡಷ್ಟಕ್ಕೆ ಮಾತ್ರ ಬಲ. ಹಳೆಯ ಆವೃತ್ತಿಯೇ ಜಾರಿಯಲ್ಲಿರುವುದು, ಹೊಸದನ್ನು ಅರ್ಧಂಬರ್ಧ ತಿದ್ದಿ ತೆಗೆದುಕೊಂಡಿರುವುದು ಮಾಮೂಲು. ಹಾಗಾಗಿ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ 'ಹೊಸ ನಿಯಮ ಏನು?' ಎಂದಲ್ಲ. ಯಾವ ಪಠ್ಯ, ಯಾವ ತಾರೀಖಿನಿಂದ ಜಾರಿ, ಮೊದಲೇ ಸಲ್ಲಿಸಿದ ಅರ್ಜಿಗೆ ಯಾವುದು ಅನ್ವಯ, ಇವನ್ನು ಕೇಳಿ. ಕೊನೆಯ ಪ್ರಶ್ನೆಗೆ ಒಂದೊಂದು ಕಡೆ ಒಂದೊಂದು ಉತ್ತರ. ಕೆಲವೆಡೆ ಅರ್ಜಿ ಸಲ್ಲಿಸಿದ ದಿನ ಮುಖ್ಯ, ಕೆಲವೆಡೆ ಪರವಾನಗಿ ಕೈಗೆ ಬಂದ ದಿನ, ಇನ್ನು ಕೆಲವೆಡೆ ಪರವಾನಗಿ ಪಡೆದು ಗಣನೀಯವಾಗಿ ಕೆಲಸ ಶುರುವಾಗಿದ್ದರಷ್ಟೇ ಹಳೆಯ ನಿಯಮದ ರಕ್ಷಣೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ 'ಆಯ್ತು ಕಟ್ಟಿಕೊಳ್ಳಿ' ಮುಂದೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಕಲಂ ಸಂಖ್ಯೆ ಸಹಿತ ಬರಹದಲ್ಲಿ ಪಡೆಯಿರಿ.

ಇನ್ನು ಅಳತೆ. ಹೆಚ್ಚಿನ ಗೂಡುಗಳು ಬೀಳುವುದು ಇಲ್ಲೇ.

'ಗಡಿಯಿಂದ 3 ಮೀಟರ್' ಎಂದು ನಿಯಮ ಇದೆ ಎಂದಿಟ್ಟುಕೊಳ್ಳಿ. ಬೇಲಿಯಿಂದ ಟೇಪು ಹಿಡಿದು ಸರಿಯಾಗಿ 3 ಮೀಟರಿಗೆ ಗೋಡೆ ಎಬ್ಬಿಸಿದ್ದಾರೆ. ಸರ್ವೆಯವರು ಬಂದು ನೋಡಿದರೆ ಬೇಲಿ ನಿಜವಾದ ಗಡಿಗಿಂತ 25 ಸೆಂ.ಮೀ. ಆಚೆಗಿದೆ. ಬೇಲಿಯೂ ಗಡಿರೇಖೆಯೂ ಒಂದೇ ಆಗಿರಬೇಕೆಂದೇನಿಲ್ಲ. ಅಲ್ಲಿಗೆ ಉಳಿದದ್ದು 2.75 ಮೀಟರ್. ಮಳೆನೀರು ಒಳಗೆ ಎರಚಬಾರದೆಂದು ಸೂರನ್ನು 45 ಸೆಂ.ಮೀ. ಹೊರಕ್ಕೆ ಚಾಚಿದ್ದಾರೆ. ನಿಯಮ ಗೋಡೆಯಿಂದ ಅಳೆಯದೆ ಕಟ್ಟಡದ ಅತಿ ಹೊರಚಾಚಿನಿಂದ ಅಳೆಯುವುದಾದರೆ ಅದು 2.30ಕ್ಕೆ ಇಳಿಯಿತು. ಗೂಡಿಗೆ ಅಂಟಿಕೊಂಡ ಜಾಲರಿಯ ಓಡಾಟದ ಜಾಗವೂ 'ಪ್ರಾಣಿ ಆವರಣ'ದಲ್ಲಿ ಸೇರಿದೆ ಎಂದಾದರೆ ಲೆಕ್ಕ ಇನ್ನೂ ಕೆಡುತ್ತದೆ. 70 ಸೆಂ.ಮೀ. ಕೊರತೆಯನ್ನು ಯಾವ ಅಧಿಕಾರಿಯೂ ಕಣ್ಮುಚ್ಚಿ ಬಿಡಲಾರ. ಬಿಡಬೇಕೆಂದಿದ್ದರೂ ದೂರು ಕೊಟ್ಟ ನೆರೆಯವರು ಬಿಡುವುದಿಲ್ಲ. ಸಂದೇಹ ಇದ್ದಲ್ಲಿ ಗಡಿಕಲ್ಲುಗಳನ್ನು ಸರ್ವೆ ಮಾಡಿಸಿ ಗುರುತಿಸಿ, ನಿಯಮದ ದೂರಕ್ಕೆ ಮೇಲೆ ಅರ್ಧ ಮೀಟರಾದರೂ ಹೆಚ್ಚು ಬಿಡಿ.

ಗಡಿಯಿಂದಲ್ಲದೆ 'ನೆರೆಯ ವಾಸದ ಮನೆಯಿಂದ' ದೂರ ಅಳೆಯುವ ನಿಯಮ ಇನ್ನೂ ಅಪಾಯಕಾರಿ. 12 ಮೀಟರ್ ಅಗಲದ ನಿವೇಶನ. ಎರಡೂ ಪಕ್ಕದ ಮನೆಗಳು ತಮ್ಮ ಗಡಿಯಿಂದ ಒಂದೂವರೆ ಮೀಟರ್ ಬಿಟ್ಟು, ನಿವೇಶನದ ಹಿಂಭಾಗದವರೆಗೂ ಚಾಚಿವೆ. ಅಂದರೆ ಈ ಕಡೆಯ ಗೋಡೆಯಿಂದ ಆ ಕಡೆಯ ಗೋಡೆಗೆ ಒಟ್ಟು 15 ಮೀಟರ್. ಪ್ರತಿ ಮನೆಯಿಂದ 10 ಮೀಟರ್ ದೂರವಿರಬೇಕೆಂದರೆ ಎರಡೂ ಬದಿ ಸೇರಿ 20 ಮೀಟರ್ ಬೇಕು. ಆರು ಕೋಳಿಗೆ ಅವಕಾಶ ಇದೆ ಎಂದು ನಿಯಮ ಹೇಳುತ್ತದೆ, ಆದರೆ ಆ ನಿವೇಶನದಲ್ಲಿ ಗೂಡು ಇಡಬಹುದಾದ ಒಂದೇ ಒಂದು ಚದರಡಿ ಇಲ್ಲ. ಇದು ಕರಡು ಬರೆದವರಿಗೂ ಎಷ್ಟೋ ಸಲ ಹೊಳೆದಿರುವುದಿಲ್ಲ. ಕಾಗದದ ಮೇಲೆ ನಿವೇಶನದ ನಕ್ಷೆ ಬರೆದು, ಪಕ್ಕದ ಮನೆಗಳ ಗೋಡೆಯಿಂದ, ಬಾವಿಯಿಂದ, ರಸ್ತೆಯಿಂದ, ಸ್ವಂತ ಮನೆಯಿಂದ ಹೇಳಿದಷ್ಟು ದೂರದ ಪಟ್ಟಿಗಳನ್ನು ಹೊಡೆದು ಹಾಕಿ ನೋಡಿ, ಉಳಿಯುವ ಜಾಗವೇ ನಿಮ್ಮದು. ಇನ್ನೊಂದು ಮಾತು: ನೆರೆಯವರು ನಾಳೆ ಹೊಸ ಕೋಣೆ ಕಟ್ಟಿಸಿ ನಿಮ್ಮ ಕಡೆಗೆ ಬಂದರೆ ಏನಾಗುತ್ತದೆ? ದೂರವನ್ನು ಪ್ರಾಣಿ ಸಾಕಲು ಕೊಡುವ ಮೊದಲ ಲೈಸೆನ್ಸಿನ ದಿನ ಮಾತ್ರ ನೋಡುತ್ತಾರೋ ಪ್ರತಿ ನವೀಕರಣಕ್ಕೂ ನೋಡುತ್ತಾರೋ ಎಂಬುದನ್ನು ಪಠ್ಯದಲ್ಲಿ ಹುಡುಕಿ.

ಸಂಖ್ಯೆಯ ಮಿತಿಯಲ್ಲೂ ಹುಳುಕುಗಳಿವೆ. ಮರಿಗಳು ಲೆಕ್ಕಕ್ಕೆ ಬರುತ್ತವೆಯೇ? ಆಡು ಎರಡೇ ಇರಬೇಕೆಂದರೆ ಈದ ಮರಿಗಳನ್ನು ಎಷ್ಟು ತಿಂಗಳವರೆಗೆ ಇಟ್ಟುಕೊಳ್ಳಬಹುದು? ಹುಂಜಕ್ಕೆ ನಿಷೇಧವಿದ್ದರೆ, ಲಿಂಗ ಗುರುತಿಸದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಂಜಗಳೇ. ಗುರುತಿಸಿ ಕೊಟ್ಟವುಗಳಲ್ಲೂ ತಪ್ಪು ಆಗುತ್ತದೆ. ತಪ್ಪು ಗೊತ್ತಾಗುವುದು ಕೆಲವು ತಿಂಗಳ ನಂತರ, ಅದು ನಸುಕಿನಲ್ಲಿ ಕೂಗಿದಾಗ. ಹುಂಜವನ್ನು ಎಲ್ಲಿಗೆ ಕಳಿಸುವುದು ಎಂಬುದು ಮರಿ ತರುವ ಮೊದಲೇ ನಿಶ್ಚಯವಾಗಿರಬೇಕು.

ಗೂಡಿನ ಒಳಗಿನ ಅಳತೆಗಳ ಬಗ್ಗೆ ಅನೇಕ ನಿಯಮಗಳು ಮೌನ, ಆದರೆ ದೂರುಗಳು ಹುಟ್ಟುವುದು ಅಲ್ಲಿಂದಲೇ. ಒಂದು ಕೋಳಿಗೆ ಒಳಗೆ ಸುಮಾರು 4 ಚದರಡಿ, ಹೊರಗಿನ ಜಾಲರಿ ಆವರಣದಲ್ಲಿ 8ರಿಂದ 10 ಚದರಡಿ, ಕೂರುವ ಕೋಲಿನಲ್ಲಿ 20ರಿಂದ 25 ಸೆಂ.ಮೀ. ಬಿಡುವುದು ರೂಢಿ. ಮೊಟ್ಟೆಯಿಡಲು ನಾಲ್ಕೈದು ಕೋಳಿಗೊಂದು ಪೆಟ್ಟಿಗೆ ಸಾಕು. ಗಾಳಿಕಿಂಡಿ ಕೋಳಿಗಳು ಕೂರುವ ಮಟ್ಟಕ್ಕಿಂತ ಮೇಲೆ, ಚಾವಣಿಯ ಕೆಳಗೆ ಇರಬೇಕು. ಸದ್ದು ಹೊರಗೆ ಹೋಗದಿರಲೆಂದು ಕಿಂಡಿಗಳನ್ನೆಲ್ಲ ಮುಚ್ಚಿದರೆ ತೇವ ಕೂತು, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಅದು 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಬಾರದು ಎಂಬುದು ಕೋಳಿ ಸಾಕಣೆಯಲ್ಲಿ ಒಪ್ಪಿತ ಮಿತಿ. ಕಣ್ಣು ಉರಿಯುವಷ್ಟು ವಾಸನೆ ಬಂತೆಂದರೆ ಮಿತಿ ಮೀರಿ ಬಹಳ ಹೊತ್ತಾಗಿರುತ್ತದೆ. ಸಾದಾ ಷಟ್ಕೋನದ ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿ ಮುಂಗುಸಿಗಳನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ಕಣ್ಣಿನ ವೆಲ್ಡ್ ಜಾಲರಿ ಹಾಕಿ, ಬುಡದಲ್ಲಿ ಒಂದಡಿಯಷ್ಟನ್ನು ನೆಲದೊಳಗೆ ಹೂತುಬಿಡಿ. ಮರಿಗಳಿಗೆ ಕಾವು ಕೊಡುವ 250 ವಾಟ್ ದೀಪವನ್ನು ಹುಲ್ಲಿನ ಹಾಸಿನ ಮೇಲೆ ಬರೀ ದಾರದಲ್ಲಿ ತೂಗುಹಾಕಿ ಗೂಡಿಗೆ ಬೆಂಕಿ ಬೀಳುವುದು ಹಳೆಯ ಕಥೆ. ಸರಪಳಿಯಲ್ಲಿ ಬಿಗಿದು, ಜಾಲರಿ ಕವಚ ಹಾಕಿ, ಆ ಸರ್ಕ್ಯೂಟಿಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಡಿ ಇಲ್ಲದೆ ವಿದ್ಯುತ್ ಕೊಡಬೇಡಿ.

ದನ ಸಾಕುವವರಿಗೆ ದೊಡ್ಡ ತೊಡಕು ಸಗಣಿ ಮತ್ತು ತೊಳೆದ ನೀರು. ಚೆನ್ನಾಗಿ ಹಾಲು ಕೊಡುವ ದೊಡ್ಡ ಹಸು ದಿನಕ್ಕೆ 25 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಸಗಣಿ ಹಾಕುತ್ತದೆ. ಎರಡು ಹಸುವೆಂದರೆ ವಾರಕ್ಕೆ 350 ಕಿಲೋ. ಇದನ್ನು ಎಲ್ಲಿ ಹಾಕುತ್ತೀರಿ ಎಂಬ ಉತ್ತರವಿಲ್ಲದೆ ಲೈಸೆನ್ಸ್ ಅರ್ಜಿ ಹಾಕುವುದು ವ್ಯರ್ಥ. ಗೊಬ್ಬರದ ಗುಂಡಿಗೆ ಕೊಟ್ಟಿಗೆಗಿಂತ ಹೆಚ್ಚಿನ ದೂರವನ್ನು ಪ್ರತ್ಯೇಕವಾಗಿ ಹೇಳಿರುವುದೂ ಉಂಟು, ವಿಶೇಷವಾಗಿ ಬಾವಿಯಿಂದ. ನೆಲಕ್ಕೆ 40ಕ್ಕೆ 1ರಿಂದ 60ಕ್ಕೆ 1ರ ಇಳಿಜಾರು ಕೊಟ್ಟು ಗಂಜಲವನ್ನು ತೊಟ್ಟಿಗೆ ಹರಿಸಿ. ಅದನ್ನು ಮಳೆನೀರಿನ ಚರಂಡಿಗೆ ಬಿಟ್ಟರೆ ಪ್ರಾಣಿ ನಿಯಮ, ಕಟ್ಟಡ ನಿಯಮ ಎರಡೂ ಪಾಲಿಸಿದ್ದರೂ ಮಾಲಿನ್ಯದ ಮೂರನೆಯ ನೋಟಿಸು ಬರುತ್ತದೆ. ಬೆಚ್ಚನೆ ಹವೆಯಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ತೆಗೆದುಕೊಳ್ಳುವುದು 7ರಿಂದ 10 ದಿನ ಅಷ್ಟೇ. ವಾರಕ್ಕೆ ಎರಡು ಸಲ ಸಗಣಿ ತೆರವಾದರೆ ಆ ಸರಣಿ ಮುರಿಯುತ್ತದೆ, ವಾರಕ್ಕೊಮ್ಮೆ ಎಂದರೆ ಆಚೀಚೆ ಒಂದು ದಿನ ತಪ್ಪಿದರೂ ನೊಣ ಎದ್ದಿರುತ್ತವೆ.

ಈಗಾಗಲೇ ಪ್ರಾಣಿ ಇಟ್ಟುಕೊಂಡವರು 'ನಮ್ಮದು ಹಳೆಯದು, ಹೊಸ ನಿಯಮ ನಮಗಿಲ್ಲ' ಎಂದು ನಿಶ್ಚಿಂತೆಯಿಂದ ಕೂರುತ್ತಾರೆ. ಈ ರಕ್ಷಣೆ ಹಲವೆಡೆ ನಿಜವಾಗಿ ಇದೆ, ಆದರೆ ತೀರಾ ಇಕ್ಕಟ್ಟಾದದ್ದು. ಮೊದಲನೆಯ ಷರತ್ತು, ಶುರುವಾದ ದಿನ ಅದು ಆಗಿನ ನಿಯಮಕ್ಕೆ ಅನುಗುಣವಾಗಿರಬೇಕು. ಯಾರೂ ಕೇಳದಿದ್ದುದರಿಂದ ನಡೆದುಬಂದದ್ದು ಸಕ್ರಮವಲ್ಲ. ಎರಡನೆಯದು, ರಕ್ಷಣೆ ಇರುವಷ್ಟಕ್ಕೆ ಮಾತ್ರ: ನಾಲ್ಕು ಆಡು ಇದ್ದದ್ದು ಆರಾದರೆ ಹೆಚ್ಚಿನ ಎರಡಕ್ಕೆ ಹೊಸ ನಿಯಮ, ಎಷ್ಟೋ ಕಡೆ ಸತ್ತ ಪ್ರಾಣಿಯ ಬದಲಿಗೆ ಹೊಸದನ್ನೂ ತರುವಂತಿಲ್ಲ. ಮೂರನೆಯದು, ಬಳಕೆ ನಿಂತು ಗೊತ್ತುಪಡಿಸಿದ ಅವಧಿ ಕಳೆದರೆ ಹಕ್ಕು ಹೋಗುತ್ತದೆ. ಆರು ತಿಂಗಳು, ಒಂದು ವರ್ಷ ಎಂಬ ಅವಧಿಗಳು ಸಾಮಾನ್ಯ. ನಾಲ್ಕನೆಯದನ್ನು ಯಾರೂ ಊಹಿಸುವುದಿಲ್ಲ: ಕೊಟ್ಟಿಗೆಯ ದುರಸ್ತಿ. ಗಾಳಿಮಳೆಗೆ ಅರ್ಧಕ್ಕಿಂತ ಹೆಚ್ಚು ಬಿದ್ದದ್ದನ್ನು ಮತ್ತೆ ಎಬ್ಬಿಸಿದರೆ ಹೊಸ ಕಟ್ಟಡವೆಂದೇ ಪರಿಗಣಿಸುವ ನಿಯಮಗಳು ಬಹಳ. ಹಂಚು ಬದಲಿಸುವುದು ದುರಸ್ತಿ, ಕಂಬ ಕಿತ್ತು ನೆಡುವುದು ಮರುನಿರ್ಮಾಣ ಎಂಬ ಗೆರೆ ಎಲ್ಲಿದೆ ಎಂದು ಕೆಲಸಕ್ಕೆ ಮೊದಲೇ ಬರಹದಲ್ಲಿ ಕೇಳಿ.

ಹೊಸ ನಿಯಮ ಜಾರಿಗೆ ಬರುವ ಮೊದಲೇ ಪುರಾವೆ ಮಾಡಿಟ್ಟುಕೊಳ್ಳಿ. ಟೇಪು ಕಾಣುವಂತೆ ತೆಗೆದ ತಾರೀಖಿನ ಫೋಟೋಗಳು, ಪಶುವೈದ್ಯರ ಲಸಿಕೆ ದಾಖಲೆ, ಮೇವಿನ ರಸೀದಿ, ಹಳೆಯ ಪರವಾನಗಿ. ಇವನ್ನೆಲ್ಲ ಸೇರಿಸಿ ಸ್ಥಳೀಯ ಸಂಸ್ಥೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ನೋಟಿಸು ಬಂದ ಮೇಲೆ ಮಾಡುವ ಎಡವಟ್ಟುಗಳದೇ ಬೇರೆ ಅಧ್ಯಾಯ. ಅತ್ಯಂತ ಕೆಟ್ಟದ್ದು, ಇನ್‌ಸ್ಪೆಕ್ಟರನ್ನು ಸಮಾಧಾನಪಡಿಸಲು 'ಸದ್ಯಕ್ಕೆ' ಪ್ರಾಣಿಗಳನ್ನು ನೆಂಟರ ಮನೆಗೆ ಸಾಗಿಸುವುದು. ತಪಾಸಣೆಯ ವರದಿಯಲ್ಲಿ 'ಪ್ರಾಣಿಗಳಿಲ್ಲ, ಬಳಕೆ ನಿಂತಿದೆ' ಎಂದು ದಾಖಲಾಗುತ್ತದೆ. ಮೇಲೆ ಹೇಳಿದ ಅವಧಿಯ ಗಡಿಯಾರ ಅಂದಿನಿಂದಲೇ ಓಡುತ್ತದೆ. ಸಾಗಿಸಲೇಬೇಕಾಗಿ ಬಂದರೆ, ಇದು ತಾತ್ಕಾಲಿಕ, ಹಕ್ಕು ಬಿಟ್ಟುಕೊಟ್ಟಿಲ್ಲ ಎಂದು ಅದೇ ದಿನ ಪತ್ರ ಕೊಡಿ. ಮೇಲ್ಮನವಿಯ ಕೊನೆಯ ದಿನವನ್ನು ನೋಟಿಸಿನಲ್ಲಿ ಮೊದಲು ಹುಡುಕಿ. ಅದು ಕಳೆದರೆ ನಿಮ್ಮ ವಾದ ಎಷ್ಟೇ ಗಟ್ಟಿಯಿದ್ದರೂ ಕೇಳುವವರು ಸಿಗುವುದು ಕಷ್ಟ, ದಿನದ ಲೆಕ್ಕದ ದಂಡ ಮಾತ್ರ ಏರುತ್ತಾ ಹೋಗುತ್ತದೆ. ನಿಯಮ ಸಡಿಲಿಕೆಗೆ ಅರ್ಜಿ ಹಾಕುವವರು 'ಕಟ್ಟಿಬಿಟ್ಟಿದ್ದೇವೆ, ಖರ್ಚಾಗಿದೆ' ಎಂದು ಬರೆಯುತ್ತಾರೆ. ಅದು ಸ್ವಯಂಕೃತ ತೊಂದರೆ, ಸಡಿಲಿಕೆಗೆ ಆಧಾರವಲ್ಲ. ಜಾಗದ ಆಕಾರ, ಇಳಿಜಾರು, ಕಿರಿದಾದ ಅಗಲ ಇಂಥ ನೆಲದ ಕಾರಣಗಳನ್ನು ನಕ್ಷೆಯೊಂದಿಗೆ ಕೊಡಿ. ಬಡಾವಣೆಯ ಕ್ರಯಪತ್ರದಲ್ಲೋ ನಿವಾಸಿಗಳ ಸಂಘದ ನಿಯಮದಲ್ಲೋ ಬೇರೆ ನಿರ್ಬಂಧ ಇದೆಯೇ ಎಂದೂ ನೋಡಿ, ಸ್ಥಳೀಯ ಸಂಸ್ಥೆಯ ಲೈಸೆನ್ಸು ಅದನ್ನು ಅಳಿಸುವುದಿಲ್ಲ.

ನಿಯಮ ಇನ್ನೂ ಕರಡಿನಲ್ಲೇ ಇದ್ದರೆ ಆಕ್ಷೇಪಣೆ ಸಲ್ಲಿಸಲು ಅದೇ ಸರಿಯಾದ ಹೊತ್ತು. 'ಪ್ರಾಣಿ ಸಾಕಲು ಬಿಡಿ' ಎಂಬ ಮನವಿ ಕಡತದಲ್ಲೇ ಮಲಗುತ್ತದೆ. ಕಲಂ ಸಂಖ್ಯೆ ಹಾಕಿ, ಬದಲಿ ವಾಕ್ಯವನ್ನೇ ಬರೆದುಕೊಡಿ. ಉದಾಹರಣೆಗೆ: 'ದೂರವನ್ನು ಗೂಡಿನ ಹೊರಗೋಡೆಯಿಂದ ನೆರೆಯ ವಾಸದ ಮನೆಯ ಹತ್ತಿರದ ಹೊರಗೋಡೆಯವರೆಗೆ ಅಳೆಯತಕ್ಕದ್ದು. ಅರ್ಜಿ ಸಲ್ಲಿಸಿದ ದಿನದ ಸ್ಥಿತಿಯನ್ನು ಮಾತ್ರ ಪರಿಗಣಿಸತಕ್ಕದ್ದು. ನಂತರ ನೆರೆಯವರು ಮಾಡಿದ ವಿಸ್ತರಣೆಯಿಂದ ಲೈಸೆನ್ಸಿಗೆ ಬಾಧೆಯಾಗತಕ್ಕದ್ದಲ್ಲ. ಎಂಟು ವಾರದೊಳಗಿನ ಕೋಳಿಮರಿಗಳನ್ನು ಸಂಖ್ಯೆಗೆ ಸೇರಿಸತಕ್ಕದ್ದಲ್ಲ.' ಇದರ ಜೊತೆಗೆ, ಕರಡಿನ ದೂರಗಳನ್ನು ಬರೆದು ಜಾಗವೇ ಉಳಿಯದ ಒಂದು ನಿವೇಶನದ ನಕ್ಷೆಯನ್ನು ಲಗತ್ತಿಸಿ.