ನೀರಿಗೆ ಹಾಕಿದ ಮೇಲೆ ಲೇಸ್ ಉಳಿಯಲೇ ಇಲ್ಲ

ಮನೆಯಲ್ಲಿ ಎಂಬ್ರಾಯ್ಡರಿ ಮಷೀನ್ ಇಟ್ಟುಕೊಂಡು ಲೇಸ್ ಮಾಡಿಕೊಡಲು ಹೊರಟವರು ಆರ್ಡರ್ ಒಪ್ಪಿಕೊಳ್ಳುವ ಮುಂಚೆ ದಯವಿಟ್ಟು ಇದನ್ನು ಓದಿ.

ಹೋದ ಆಷಾಢದಲ್ಲಿ ಪಕ್ಕದ ಬೀದಿಯ ಅಕ್ಕ ಒಬ್ಬರು ಮಗಳ ದುಪಟ್ಟಾ ತಂದುಕೊಟ್ಟರು. ತಿಳಿ ಗುಲಾಬಿ ಬಣ್ಣದ ಜಾರ್ಜೆಟ್. ಶ್ರಾವಣದಲ್ಲಿ ನಿಶ್ಚಿತಾರ್ಥ. "ಅಂಗಡಿ ಜಿಪಿಒ ಲೇಸ್ ಎಲ್ಲರ ಹತ್ರಾನೂ ಇರುತ್ತೆ ಕಣಮ್ಮಾ. ಅದೇ ಥರದ್ದು ನೀನೇ ಮಾಡಿಕೊಡು, ಬಣ್ಣ ಮಾತ್ರ ಸರಿಯಾಗಿ ಕೂಡಬೇಕು" ಅಂದರು. ಒಂದು ಅಂಚಿಗೆ ಎರಡೂವರೆ ಮೀಟರ್. ನಾನು ಹ್ಞೂಂ ಅಂದೆ.

ಜಿಪಿಒ ಅಂದರೆ ಗಿಪ್ಯೂರ್, ಬರೀ ದಾರದಲ್ಲೇ ಹೂಬಳ್ಳಿ ಕಟ್ಟಿದ ಲೇಸ್. ಇದಕ್ಕೆ ಬಟ್ಟೆಯೇ ಇರುವುದಿಲ್ಲ. ನೀರಲ್ಲಿ ಕರಗುವ ಶೀಟನ್ನು ಹೂಪ್‌ಗೆ, ಅಂದರೆ ಮಷೀನ್‌ಗೆ ಸಿಕ್ಕಿಸುವ ಚೌಕಟ್ಟಿಗೆ, ಬಿಗಿದು ಅದರ ಮೇಲೆ ಹೊಲಿಗೆ ಹಾಕಬೇಕು. ಆಮೇಲೆ ನೀರಲ್ಲಿ ಅದ್ದಿದರೆ ಶೀಟ್ ಕರಗಿ ದಾರ ಮಾತ್ರ ಉಳಿಯುತ್ತದೆ. ಅಂಗಡಿಯ ಜಿಪಿಒ ಲೇಸ್ ಕೂಡ ಹುಟ್ಟಿದ್ದು ಹೀಗೇ. ಜರ್ಮನಿಯ ಪ್ಲೌವೆನ್ ಊರಿನವರು 1880ರ ದಶಕದಿಂದ ದೊಡ್ಡ ಮಷೀನ್‌ಗಳಲ್ಲಿ ಹೊಲಿದು, ಕೆಳಗಿನ ಬಟ್ಟೆಯನ್ನು ರಾಸಾಯನಿಕ ಹಾಕಿ ಕರಗಿಸಿ ಇಂಥ ಲೇಸ್ ಮಾಡುತ್ತಿದ್ದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ದೊಡ್ಡ ಬಹುಮಾನವೂ ಬಂತು. ಅಂದೂ ಇಂದೂ ಕಟ್ಟು ಒಂದೇ: ಕೆಳಗಿನದು ಕರಗಿದ ಮೇಲೆ ದಾರಕ್ಕೆ ದಾರವೇ ಆಸರೆ. ನಾನು ಮರೆತಿದ್ದು ಇದನ್ನೇ.

ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಒಂದು ಡಿಸೈನ್ ಫೈಲ್ ಕೊಂಡೆ. ಹೆಸರಿನಲ್ಲಿ 'ಲೇಸ್ ಬಾರ್ಡರ್' ಅಂತ ಇತ್ತು, ಚಿತ್ರ ತುಂಬಾ ಚೆನ್ನಾಗಿತ್ತು. ಅಷ್ಟನ್ನೇ ನಂಬಿದೆ. ಶೀಟ್ ಕೂಡ ಪ್ಲಾಸ್ಟಿಕ್ ಕವರಿನಂತೆ ತೆಳ್ಳಗಿರುವ ಪಾರದರ್ಶಕ ಜಾತಿಯದು, ಒಂದೇ ಪದರ ಹಾಕಿದೆ. ನನ್ನ ಹೂಪ್‌ನಲ್ಲಿ ಒಂದು ಸಲಕ್ಕೆ 17 ಸೆಂಟಿಮೀಟರ್ ಬರುತ್ತದೆ, ಹಾಗಾಗಿ 15 ತುಂಡು. ಒಂದೊಂದಕ್ಕೂ ಸುಮಾರು 25 ನಿಮಿಷ. ಎರಡು ದಿನ ಮಷೀನ್ ಬಿಟ್ಟು ಏಳಲಿಲ್ಲ.

ಎಂಟನೇ ತುಂಡಿನಲ್ಲಿ ಹೂವಿನ ಸುತ್ತಿನ ಗೆರೆ ಎಸಳಿನಿಂದ ಎರಡು ದಾರದಷ್ಟು ಆಚೆ ಬಿದ್ದಿತ್ತು. ಹೂಪ್ ಎತ್ತಿ ಬೆಳಕಿಗೆ ಹಿಡಿದೆ. ಸೂಜಿ ಒತ್ತೊತ್ತಾಗಿ ಚುಚ್ಚಿದ ಕಡೆ ಶೀಟ್ ಸೀಳಿತ್ತು, ಅಂಚೆಚೀಟಿಯ ಅಂಚಿನ ಹಾಗೆ. ಅಲ್ಲೇ ನಿಲ್ಲಿಸಬೇಕಿತ್ತು. ಇನ್ನು ಏಳೇ ತುಂಡು ಅಲ್ವಾ ಅಂತ ಮುಂದುವರಿಸಿದೆ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ತೊಳೆಯುವ ಮುಂಚೆಯೇ ತುಂಡುಗಳನ್ನು ಜೋಡಿಸಿ, ದುಪಟ್ಟಾಗೆ ಜಿಗ್‌ಜಾಗ್ ಹಾಕಿ ಕೂರಿಸಿಬಿಟ್ಟೆ. ಶೀಟ್ ಇದ್ದಾಗ ಲೇಸ್ ಗಟ್ಟಿಯಾಗಿ ನಿಂತಿರುತ್ತದೆ, ಹೊಲಿಯಲು ಸುಲಭ ಅಂದುಕೊಂಡೆ. ನಂತರ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಬಿಟ್ಟು ಅಂಚನ್ನು ಅದ್ದಿದೆ. ನೀರು ಸ್ವಲ್ಪ ಲೋಳೆಯಾಯಿತು, ಅದು ಆಗಲೇಬೇಕು. ಆದರೆ ಒಂದು ಎಸಳು ಕಳಚಿ ತೇಲಿತು. ಎತ್ತಲು ಹೋದರೆ ಪಕ್ಕದ್ದೂ ಬಂತು. ಎರಡು ನಿಮಿಷದಲ್ಲಿ ಟಬ್ ತುಂಬಾ ಗುಲಾಬಿ ದಾರ, ಬೆಂದ ಶಾವಿಗೆಯ ಹಾಗೆ. ದುಪಟ್ಟಾದ ಅಂಚಿನಲ್ಲಿ ಜಿಗ್‌ಜಾಗ್ ಸಾಲು ಮಾತ್ರ ಉಳಿದಿತ್ತು. ಅದನ್ನು ಬಿಚ್ಚುವಾಗ ಜಾರ್ಜೆಟ್ ಎರಡು ಕಡೆ ನೂಲೆಳೆಯಿತು.

ರಾತ್ರಿ ಫೈಲನ್ನು ಕಂಪ್ಯೂಟರ್‌ನಲ್ಲಿ ತೆರೆದು, ಹೊಲಿಗೆ ಹಾಕುವ ಕ್ರಮವನ್ನು ನಿಧಾನವಾಗಿ ಓಡಿಸಿ ನೋಡಿದೆ. ಬಟ್ಟೆಯ ಮೇಲೆ ಹಾಕುವ ಮಾಮೂಲಿ ಡಿಸೈನ್ ಅದು. ನಿಜವಾದ ಲೇಸ್ ಡಿಸೈನ್‌ನಲ್ಲಿ ಮೊದಲು ರನ್ನಿಂಗ್ ಸ್ಟಿಚ್, ಅಂದರೆ ಒಂಟಿ ಗೆರೆಯ ಹೊಲಿಗೆ, ಒಂದರ ಮೇಲೊಂದು ದಾಟಿ ಬಲೆ ಕಟ್ಟುತ್ತದೆ. ಒತ್ತೊತ್ತಾಗಿ ಅಡ್ಡಡ್ಡ ಬೀಳುವ ಸ್ಯಾಟಿನ್ ಹೊಲಿಗೆ ಆ ಬಲೆಯನ್ನು ಸುತ್ತಿ ಹಿಡಿಯುತ್ತದೆ. ಎಸಳಿಗೂ ಎಲೆಗೂ ಎಲ್ಲೋ ಒಂದು ಕಡೆ ಕೊಂಡಿ ಇದ್ದೇ ಇರುತ್ತದೆ. ನನ್ನ ಫೈಲ್‌ನಲ್ಲಿ ಬಲೆಯೂ ಇರಲಿಲ್ಲ, ಕೊಂಡಿಯೂ ಇರಲಿಲ್ಲ. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಆದರೆ ಕೊಂಡ ದಿನವೇ ಐದು ನಿಮಿಷ ಕೂತು ನೋಡಿದ್ದರೆ ನನಗೇ ಕಾಣುತ್ತಿತ್ತು.

ಅಕ್ಕನಿಗೆ ಹೊಸ ದುಪಟ್ಟಾ ತಂದುಕೊಟ್ಟೆ. ಅದಕ್ಕೆ ಕೊನೆಗೆ ಅಂಗಡಿಯ ಲೇಸ್ ಹಾಕಬೇಕಾಯಿತು. ಅವರು ಬೈಯಲಿಲ್ಲ. "ಹೋಗಲಿ ಬಿಡಮ್ಮ" ಅಂದರು. ಆ ಮಾತು ಕೇಳಿ ಇನ್ನೂ ಜಾಸ್ತಿ ಸಂಕಟವಾಯಿತು.

ಈಗ ನಾನು ಬಟ್ಟೆಯಂತಿರುವ, ನಾರು ಕಾಣುವ ಕರಗುವ ಶೀಟನ್ನೇ ಎರಡು ಪದರ ಹಾಕುತ್ತೇನೆ. ಹೂಪ್ ಬಡಿದರೆ ತಮಟೆಯ ಹಾಗೆ ಸದ್ದು ಬರಬೇಕು. ಸೂಜಿ 75/11 ಸೈಜಿನದು, ಪ್ರತಿ ದೊಡ್ಡ ಕೆಲಸಕ್ಕೂ ಹೊಸದು. ಲೇಸ್ ಎರಡೂ ಕಡೆ ಕಾಣುವುದರಿಂದ ಕೆಳಗಿನ ದಾರದ ಬಾಬಿನ್‌ಗೂ ಮೇಲಿನ ದಾರವನ್ನೇ ಸುತ್ತಬೇಕು. ಸ್ಪೀಡ್ ಕಡಿಮೆ ಇರಲಿ. ಅಳತೆ ಕೂಡಲಿಲ್ಲ ಅಂತ ಡಿಸೈನನ್ನು ಹಿಗ್ಗಿಸಲು, ಕುಗ್ಗಿಸಲು ಹೋಗಬೇಡಿ, ದಾರ ದಾರ ಸೇರುವ ಜಾಗ ತಪ್ಪುತ್ತದೆ. ಮಳೆಗಾಲದಲ್ಲಿ ಈ ಶೀಟ್ ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ. ಜಿಪ್ ಕವರಿನಲ್ಲಿ ಹಾಕಿ ಗಾಳಿ ತೆಗೆದು ಇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಎಲ್ಲಕ್ಕಿಂತ ಮುಂಚೆ ಒಂದೇ ಒಂದು ತುಂಡು ಹೊಲಿಯಿರಿ. ಅದನ್ನು ತೊಳೆಯಿರಿ, ಟವೆಲ್ ಮೇಲೆ ಹರಡಿ ಪೂರ್ತಿ ಒಣಗಿಸಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ಎಲ್ಲೂ ಬಿಡದಿದ್ದರೆ ಎರಡನೇ ತುಂಡಿಗೆ ಹೂಪ್ ಬಿಗಿಯಿರಿ. ದುಪಟ್ಟಾ ಅಲ್ಲಿಯವರೆಗೂ ಬೀರುವಿನಲ್ಲೇ ಇರಲಿ.